ಪರದೇಶದ ಪರೀಕ್ಷೆಗೆ ಲಾಲಮ್ಮನ ಬಾಗಿಲ ಕಾವಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಾಡಿ ಸಮೀಪದ ರಾವೂರಿನ ಓಣಿಯೊಂದರಲ್ಲಿ ಲಾಲಮ್ಮ ಒಂದೊಂದೇ ಮನೆಯ ಬಾಗಿಲೊಳಗೆ ತಲೆ ಹಾಕಿ ಮಾತಾಡುತ್ತಾ ಬರುತ್ತಿದ್ದಾರೆ. "ಯವ್ವಾ ಚಂದ್ರಕಲಾ, ಇವತ್ತ ಪರೀಕ್ಷಾ ಅದ. ಹತ್ತರ ತನಾ ಟಿವಿ ಹಚ್ಚಬ್ಯಾಡ. ಖಾರ ಕುಟ್ಟೂದಿದ್ರ ಮಧ್ಯಾಹ್ನ ಕುಟ್ಟು." ಒಳಗಿನಿಂದ ನಿದ್ದೆಗಣ್ಣಿನ ಉತ್ತರ: "ಗೊತ್ತದ ಬಿಡಬೇ, ನಿನ್ನೀನೂ ಹೇಳಿ ಹೋಗೀದಿ." ಲಾಲಮ್ಮ ಬಿಡುವವರಲ್ಲ. "ಇನ್ನೊಂದ್ಸಲ ಕೇಳಿದ್ರ ನಿಂದೇನ ಗಂಟ ಹೋಗ್ತದ?" ಎಂದು ಗದರಿ ಮುಂದಿನ ಮನೆಗೆ ನಡೆಯುತ್ತಾರೆ. ಅಲ್ಲಿ ಕಟ್ಟೆಯ ಮೇಲೆ ಒದರುತ್ತಿದ್ದ ಮೇಕೆಯನ್ನು ಯಾರನ್ನೂ ಕೇಳದೆ ಬಿಚ್ಚಿ ಹಿತ್ತಲಿಗೆ ಎಳೆದೊಯ್ದು ಕಟ್ಟುತ್ತಾರೆ.

ಐವತ್ತೈದರ ಆಸುಪಾಸಿನ ಹೆಂಗಸು. ಬೆಳಿಗ್ಗೆ ಎದ್ದು ಊರಿನ ಬುದ್ಧ ವಿಹಾರದ ಕಸ ಗುಡಿಸುತ್ತಾರೆ, ಒಂಬತ್ತಕ್ಕೆ ಫರ್ಸಿ ಕಲ್ಲು ಪಾಲಿಶ್ ಮಾಡುವ ಮಷೀನಿಗೆ ಕೂಲಿಗೆ ಹೋಗುತ್ತಾರೆ. ನಾವು ಮನೆಯಲ್ಲಿ ಹಾಸಿಕೊಂಡು ತಂಪಾಗಿ ಮಲಗುವ ಶಹಾಬಾದಿ ಕಲ್ಲನ್ನು ಎತ್ತಿ ಇಳಿಸಿ ಅವರ ಬೆರಳುಗಳು ಸೊಟ್ಟಗಾಗಿವೆ. ಇದು ಹೊಟ್ಟೆಪಾಡು. ಇದರ ನಡುವೆ ಅವರಿಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಅವರನ್ನು ಯಾರೂ ನೇಮಿಸಿಲ್ಲ. ಪರದೇಶದ ಕಾಲೇಜುಗಳಿಗೆ ಅರ್ಜಿ ಹಾಕಿದ ಮಕ್ಕಳು ವಿಹಾರದ ಪಕ್ಕದ ಖೋಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಪರೀಕ್ಷೆಯನ್ನೋ ಸಂದರ್ಶನವನ್ನೋ ಕೊಡುವಾಗ, ಲಾಲಮ್ಮ ಹೊರಗೆ ಬಾಗಿಲು ಕಾಯುತ್ತಾರೆ.

ಬಾಗಿಲು ಕಾಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ದಯವಿಟ್ಟು ಮುಂದೆ ಓದಬೇಕು.

ಹೊರದೇಶಕ್ಕೆ ಹೋಗಿ ಓದುವವರು ತಮಗೆ ಇಂಗ್ಲಿಷ್ ಬರುತ್ತದೆಂದು ಒಂದು ಪರೀಕ್ಷೆ ಬರೆದು ತೋರಿಸಬೇಕು. ಇಲ್ಲಿನ ಮಕ್ಕಳು ಅದಕ್ಕೆ ಹೈದರಾಬಾದಿಗೆ ಹೋಗಬೇಕು. ಅಲ್ಲಿ ಜಾಗ ತುಂಬಿದ್ದರೆ ಮನೆಯಲ್ಲೇ ಕೂತು ಬರೆಯಬಹುದು ಎಂದು ಪರೀಕ್ಷೆ ನಡೆಸುವ ಕಂಪನಿ ಉದಾರವಾಗಿ ಹೇಳುತ್ತದೆ. ಷರತ್ತುಗಳನ್ನು ಕೇಳಿ. ಕೋಣೆಯಲ್ಲಿ ಒಬ್ಬರೇ ಇರಬೇಕು. ಬಾಗಿಲು ಮುಚ್ಚಿರಬೇಕು. ಇನ್ನೊಬ್ಬರ ದನಿ ಕೇಳಬಾರದು, ಗೋಡೆಯ ಮೇಲೆ ಅಕ್ಷರ ಕಾಣಬಾರದು. ಎಲ್ಲೋ ಕೂತ ಮೇಲ್ವಿಚಾರಕ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾನೆ. ಸಂಶಯ ಬಂದರೆ ಪರೀಕ್ಷೆ ರದ್ದು. ಒಂದೇ ಖೋಲಿಯಲ್ಲಿ ಅಡುಗೆ, ನಿದ್ದೆ, ಬಾಣಂತನ ಎಲ್ಲವೂ ನಡೆಯುವ ಮನೆಗಳಿಗೆ ಈ ನಿಯಮ! ಇದನ್ನು ಬರೆದ ಪುಣ್ಯಾತ್ಮರು ಒಮ್ಮೆ ರಾವೂರಿಗೆ ಬಂದು, ಯಾರದೇ ಮನೆಯಲ್ಲಿ ಎರಡೂವರೆ ತಾಸು ಒಬ್ಬರೇ ಕೂತು ತೋರಿಸಲಿ.

ಇವತ್ತು ಪರೀಕ್ಷೆ ಬರೆಯುವವಳು ಸುಮಂಗಲಾ. ಲಾಲಮ್ಮನ ಪಕ್ಕದ ಮನೆಯ ಹುಡುಗಿ. ತಂದೆ ರಾಮಲಿಂಗ ಕಲ್ಲಿನ ಗಣಿಯಲ್ಲಿ ದುಡಿಯುತ್ತಾರೆ. ಮಗಳು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಕಲ್ಲು ತೆಗೆದು ಬಿಟ್ಟುಹೋದ ನೆಲವನ್ನು ಮತ್ತೆ ಬಾಳುವಂತೆ ಮಾಡುವುದು ಹೇಗೆಂದು ಕಲಿಯಲು ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದಾಳೆ. ಸೀಟು ಕೊಡುತ್ತೇವೆ, ಆದರೆ ಬರುವ ಶುಕ್ರವಾರದೊಳಗೆ ಇಂಗ್ಲಿಷ್ ಪರೀಕ್ಷೆಯ ಅಂಕ ನಮ್ಮ ಕೈ ಸೇರಬೇಕು ಎಂದು ಅವರು ತಿಳಿಸಿದ್ದಾರೆ. ಹೈದರಾಬಾದಿನಲ್ಲಿ ಅಷ್ಟರೊಳಗೆ ಜಾಗವಿಲ್ಲ. ಇವತ್ತು ಪರೀಕ್ಷೆ ಕೆಟ್ಟರೆ ಸೀಟು ಹೋಯಿತೆಂದೇ ಲೆಕ್ಕ.

ಹೋದ ವರ್ಷ ಹೋಗಿದ್ದೂ ಹೀಗೆಯೇ. ಅದನ್ನು ಲಾಲಮ್ಮ ವಿಹಾರದ ಅಂಗಳಕ್ಕೆ ನೀರು ಚಿಮುಕಿಸುತ್ತಾ ತಾವೇ ಹೇಳುತ್ತಾರೆ.

"ನಮ್ಮ ಕಡಿ ಹಗಲ ಹೊತ್ತ ಯಾರೂ ಬಾಗಲಾ ಹಾಕೂದಿಲ್ರೀ. ಹಾಕಿದ್ರ ಒಳಗ ಏನೋ ಆಗ್ಯದ ಅಂತ ಅರ್ಥ. ಅವತ್ತ ನೋಡ್ತೀನಿ, ರಾಮಲಿಂಗನ ಮನಿ ಬಾಗಲಾ ಗಚ್ಚನೆ ಹಾಕ್ಯದ. ಗಂಡಾ ಹೆಂಡ್ತಿ ಇಬ್ಬರೂ ಕೆಲಸಕ್ಕ ಹೋಗ್ಯಾರ, ಹುಡುಗಿ ಒಬ್ಬಾಕೀನೇ ಅದಾಳ. ಸುಮಂಗಲಾ, ಬಾಗಲಾ ತಗಿಯವ್ವಾ ಅಂದೆ. ಮಾತಿಲ್ಲ. ಬಡದೆ, ಒದರಿದೆ. ಊಹುಂ. ನನ್ನ ಜೀವಾ ಝಲ್ಲಂತು ನೋಡ್ರಿ."

ಒಳಗೆ ಸುಮಂಗಲಾ, ಓಣಿಯಲ್ಲಿ ಯಾರಿಗೂ ಹೇಳದೆ, ಪರೀಕ್ಷೆ ಬರೆಯುತ್ತಿದ್ದಳು. ಬಾಯಿ ಬಿಟ್ಟರೆ ರದ್ದು, ಎದ್ದರೆ ರದ್ದು. ಅವಳು ಹಲ್ಲು ಕಚ್ಚಿ ಸುಮ್ಮನೆ ಕೂತಷ್ಟೂ ಹೊರಗೆ ಲಾಲಮ್ಮನ ಕೂಗು ಏರಿತು. ಓಣಿಯ ಗಂಡಸರು ಓಡಿಬಂದರು, ಬಾಗಿಲನ್ನು ಎತ್ತಿ ಕಿತ್ತರು. ಲಾಲಮ್ಮ ಮೊದಲು ನುಗ್ಗಿ "ಏನ್ ಮಾಡ್ಕೊಂಡೀದಿ ನನ್ನವ್ವಾ!" ಎಂದು ಹುಡುಗಿಯನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತರು. ಅವರ ಹಿಂದೆ ಅರ್ಧ ಓಣಿಯೇ ಒಳಗೆ ಬಂದಿತ್ತು. ಪರದೆಯ ಮೇಲೆ ಪರೀಕ್ಷೆ ರದ್ದಾಗಿದೆ ಎಂಬ ಸಾಲು ಮೂಡಿತು.

"ನಾನೇ ಕೆಡಿಸಿದ್ನಿರೀ," ಎನ್ನುವಾಗ ಲಾಲಮ್ಮನ ಕೈಯ ತಂಬಿಗೆ ನಿಲ್ಲುತ್ತದೆ. "ಆಕಿ ಒಂದ ಮಾತ ಬೈಲಿಲ್ಲ. ಬೈದಿದ್ರ ಭಾಳ ಛಲೋ ಇತ್ತು."

ಸುಮಂಗಲಾ ಕಂಪನಿಗೆ ನಡೆದದ್ದನ್ನೆಲ್ಲ ಬರೆದಳು. ನಿಯಮ ಉಲ್ಲಂಘನೆಯಾಗಿದೆ, ಕ್ಷಮಿಸಿ ಎಂದು ಉತ್ತರ ಬಂತು. ಆ ವರ್ಷದ ಸೀಟು ಕೈತಪ್ಪಿತು. ವರ್ಷವಿಡೀ ವಾಡಿಯ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿ ಅವಳು ಮತ್ತೆ ಅರ್ಜಿ ಹಾಕಿದ್ದಾಳೆ.

ನನಗೆ ಸಿಟ್ಟು ಬರುವುದು ಇಲ್ಲೇ. ನೆರೆಮನೆಯ ಹುಡುಗಿಯ ಜೀವಕ್ಕೇನೋ ಆಯಿತೆಂದು ಎದೆ ಬಡಿದುಕೊಂಡು ಓಡಿಬಂದ ಹೆಂಗಸು ನಿಯಮ ಮುರಿದವಳಂತೆ! ಹಾಗಾದರೆ ಕರೆದರೂ ಓಗೊಡದ ಮನೆಯ ಮುಂದೆ ಸುಮ್ಮನೆ ಹಾದುಹೋಗುವುದೇ ಸಭ್ಯತೆಯೆ? ಒಂದು ಇಡೀ ಓಣಿಯ ಕಾಳಜಿಯನ್ನು ನಕಲು ಎಂದು ಬರೆದುಕೊಳ್ಳುವ ಈ ವ್ಯವಸ್ಥೆಗೆ ಏನೆನ್ನಬೇಕು?

ಕಂಪನಿ ದೂರದ್ದು, ಅದಕ್ಕೆ ಕಣ್ಣಿಲ್ಲ ಎನ್ನೋಣ. ಇಲ್ಲಿಯವರಿಗೇನಾಗಿದೆ? ಆ ಘಟನೆಯ ಮರುವಾರವೇ ಲಾಲಮ್ಮ ಹುಡುಗಿಯನ್ನು ಕರೆದುಕೊಂಡು ಹತ್ತಿರದ ಕಾಲೇಜೊಂದಕ್ಕೆ ಹೋದರು. ಅಲ್ಲಿ ಕಂಪ್ಯೂಟರುಗಳಿಗೆ ಬಟ್ಟೆ ಹೊದಿಸಿ ಬೀಗ ಹಾಕಿದ ಕೋಣೆಯಿದೆ. ಪ್ರಾಂಶುಪಾಲರು ಹೇಳಿದ್ದು: ಹೊರಗಿನವರಿಗೆ ಕೊಡುವುದಿಲ್ಲ, ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ? ಇನ್ನೊಂದು ಕಚೇರಿಯಲ್ಲಿ, ಅರ್ಜಿ ಕೊಟ್ಟು ಹೋಗಿ, ನೋಡೋಣ ಎಂದರು. ಇವತ್ತಿಗೂ ನೋಡುತ್ತಲೇ ಇದ್ದಾರೆ. ಹೊರದೇಶದಲ್ಲಿ ಓದುವ ಮಕ್ಕಳಿಗೆ ನೆರವು ಕೊಡುತ್ತೇವೆಂದು ಸರ್ಕಾರ ನಗುಮುಖದ ಫಲಕ ಹಾಕುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲ ಸುತ್ತಿ ಬಂದರೂ ಆ ಮಕ್ಕಳಿಗೆ ಬಾಗಿಲು ಹಾಕಿಕೊಂಡು ಕೂರಲು ಒಂದು ಸರ್ಕಾರಿ ಕೋಣೆ ಸಿಗುವುದಿಲ್ಲ. ನಾಚಿಕೆಯಾಗಬೇಕು.

ಕೊನೆಗೆ ಲಾಲಮ್ಮ ವಿಹಾರದ ಪಕ್ಕದ ಸಾಮಾನಿನ ಖೋಲಿಯನ್ನು ತೆರೆಸಿದರು. ಚಾಪೆ, ಪಾತ್ರೆಗಳನ್ನು ಹೊರಗಿಟ್ಟು, ಸುಣ್ಣ ಹಚ್ಚಿ, ಮೇಜು ಕುರ್ಚಿ ಹಾಕಿಸಿದರು. ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಆಡಕಿಯಿಂದ ಬಂದರು, ಚಿಮ್ಮನಚೋಡದಿಂದ ಬಂದರು, ಶಹಾಬಾದಿನಿಂದ ಬಂದರು. ಇಲ್ಲಿಯವರೆಗೆ ಎಷ್ಟು ಮಕ್ಕಳಾದರು ಎಂದು ಕೇಳಿದರೆ ಲಾಲಮ್ಮ ನನ್ನನ್ನೇ ಕಿಚಾಯಿಸುತ್ತಾರೆ: "ಎಣಿಸ್ಲಿಕ್ಕ ಅವೇನ ಫರ್ಸಿ ಏನ್ರೀ?" ಕೆಲವರಿಗೆ ಸೀಟು ಸಿಕ್ಕಿದೆ, ಕೆಲವರಿಗಿಲ್ಲ. ಆದರೆ ಲಾಲಮ್ಮ ಕಾದ ಬಾಗಿಲನ್ನು ಯಾರೂ ಬಡಿದಿಲ್ಲ.

ಊರಿಗೆಲ್ಲ ಡಂಗುರ ಸಾರಿಸಿದರೆ ಒಂದೇ ಸಲಕ್ಕೆ ಮುಗಿಯುತ್ತಲ್ಲ ಎಂದು ಯಾರೋ ಸೂಚಿಸಿದ್ದರಂತೆ. ಆ ಮಾತೆತ್ತಿದರೆ ಲಾಲಮ್ಮ ಕೆಂಡವಾಗುತ್ತಾರೆ. "ನಮ್ಮ ಮಾವ ಸಾಯೂ ತನಾ ಮಂದಿ ಹೇಳಿದಾಗ ಹಲಗಿ ಬಡದಾನ್ರೀ. ಬ್ಯಾಡ ಅನ್ನೂ ಹಂಗಿದ್ದಿಲ್ಲ. ನಾವು ಬುದ್ಧನ ಧಮ್ಮಕ್ಕ ಬಂದ ದಿನಾನೇ ಹಲಗಿ ಬಿಟ್ಟೀವಿ. ನಾ ಮನಿ ಮನಿಗಿ ಹೋಗಿ ಬಾಯಿಲೇ ಹೇಳ್ತೀನಿ. ಕಾಲ ಬ್ಯಾನಿ ಆದ್ರ ಆಗ್ಲಿ."

ಏಳು ಗಂಟೆ ಸಮೀಪಿಸಿದೆ. ಸುಮಂಗಲಾ ಖೋಲಿಯಲ್ಲಿ ಕೂತು ಮೇಲ್ವಿಚಾರಕನಿಗೆ ಕ್ಯಾಮೆರಾ ತಿರುಗಿಸಿ ತೋರಿಸುತ್ತಿದ್ದಾಳೆ. ಮೇಜು, ನೆಲ, ಕಿಟಕಿ, ಗೋಡೆ. ಇದ್ದಕ್ಕಿದ್ದಂತೆ ಅವಳು ಬಾಗಿಲಿಗೆ ಬಂದು ನಿಲ್ಲುತ್ತಾಳೆ.

"ಅತ್ತೀ, ಬಾಬಾಸಾಹೇಬರ ಫೋಟೋ ಮುಚ್ಚಬೇಕಂತ. ಕೆಳಗ ಅಕ್ಷರ ಕಾಣ್ಲಿಕತ್ತಾವಂತ."

ಗೋಡೆಯ ಮೇಲಿರುವುದು ಕೋಟು ತೊಟ್ಟ ಅಂಬೇಡ್ಕರರ ದೊಡ್ಡ ಪಟ, ಇಲ್ಲಿಯವರೆಗೆ ಯಾವ ಮೇಲ್ವಿಚಾರಕನೂ ತಕರಾರು ಮಾಡದ್ದು. ಕೆಳಗೆ ಸಾಲಾಗಿ ಅಚ್ಚಾಗಿರುವುದು ಅವರ ಪದವಿಗಳು. ಹಡಗು ಹತ್ತಿ ಅಮೆರಿಕಕ್ಕೂ ಇಂಗ್ಲೆಂಡಿಗೂ ಹೋಗಿ ಓದಿ ಗಳಿಸಿದ ಪದವಿಗಳು. ಅದೇ ದಾರಿಯಲ್ಲಿ ಹೊರಟ ಹುಡುಗಿಗೆ, ಆ ಅಕ್ಷರ ಮುಚ್ಚು, ಇಲ್ಲವಾದರೆ ಪರೀಕ್ಷೆಯಿಲ್ಲ ಎಂದು ಹೇಳುತ್ತಿದ್ದಾರೆ. ನನ್ನ ಮೈ ಉರಿದುಹೋಯಿತು. ಮೂಲೆಯಲ್ಲಿ ಒಂದು ಚಾದರ ಬಿದ್ದಿತ್ತು. ನಾನು ಅದನ್ನೂ ಎತ್ತಿಕೊಳ್ಳಲಾರದೆ, ಸುಮ್ಮನೂ ನಿಲ್ಲಲಾರದೆ ಲಾಲಮ್ಮನ ಮುಖ ನೋಡಿದೆ.

"ಮುಸುಕ ಹಾಕೂದು ಬ್ಯಾಡ," ಎಂದರು ಲಾಲಮ್ಮ. "ಬೈಬೇಕಂದ್ರ ಆ ಮೂಳಗ ನಮ್ಮ ಮಾತ ತಿಳೀದಿಲ್ಲ. ಮುಸುಕ್ಯಾಕ ಹಾಕ್ಬೇಕು? ಅವರೇನ ತಪ್ಪ ಮಾಡ್ಯಾರ?" ಕುರ್ಚಿ ಹತ್ತಿ, ಎರಡೂ ಕೈಯಿಂದ ಪಟವನ್ನು ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಹೊರಗೆ ತಂದರು. ಸುಮಂಗಲಾಳ ಗದ್ದ ಮುಟ್ಟಿ "ಹೋಗು, ಫಿಕರ್ ಮಾಡಬ್ಯಾಡ. ಯಾರರ ಬಾಗಲಾ ಮುಟ್ಟಲಿ, ನೋಡ್ತೀನಿ" ಎಂದರು. ಬಾಗಿಲು ಮುಚ್ಚಿತು. ಲಾಲಮ್ಮ ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ, ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಆಮೇಲೆ ನಾನು ಕಂಡದ್ದು ಒಂದು ಊರು ಉಸಿರು ಬಿಗಿಹಿಡಿಯುವ ರೀತಿ. ನೀರಿಗೆ ಹೋಗುವ ಹೆಂಗಸರು ಕೊಡ ತಾಗದಂತೆ ನಡೆದರು. ಲಾಲಮ್ಮನ ತೊಡೆಯ ಮೇಲಿನ ಪಟ ಕಂಡವರು ಕೈ ಮುಗಿದು ತುಟಿ ಹೊಲಿದುಕೊಂಡರು. ಮೈಕಿನಲ್ಲಿ ಉಳ್ಳಾಗಡ್ಡಿ ಕೂಗುತ್ತಾ ಬಂದ ಟೆಂಪೋವನ್ನು ಚಂದ್ರಕಲಾ ಓಣಿಯ ತುದಿಯಲ್ಲೇ ಅಡ್ಡಗಟ್ಟಿದಳು. "ಎಲ್ಲಾರೂ ಇಲ್ಲೇ ಬಂದು ತಗೋತೀವಿ, ಮೈಕ ಬಂದ್ ಮಾಡಪ್ಪಾ" ಎಂದು ಪಿಸುಗುಟ್ಟಿದಳು. ಅವನು ಕೂಡ ಪಿಸುದನಿಯಲ್ಲೇ ವ್ಯಾಪಾರ ಮಾಡಿದ.

ಒಂಬತ್ತಾಗುತ್ತಲೇ ಎದೆ ಒಡೆಯುವ ಸದ್ದು. ವಿಹಾರದ ಹಿಂದಿನ ಪಾಲಿಶ್ ಮಷೀನು ಶುರುವಾಗಿತ್ತು. ಅರ್ಧ ದಿನದ ಕೂಲಿ ಬಿಡುತ್ತೇನೆ, ಹತ್ತರವರೆಗೆ ನಿಲ್ಲಿಸಿರಿ ಎಂದು ಲಾಲಮ್ಮ ಮಾಲೀಕ ಬಸವಲಿಂಗನ ಜೊತೆ ಮೊದಲೇ ಮಾತಾಡಿಕೊಂಡಿದ್ದರು. ಮಾತು ಕೊಟ್ಟವನೇ ಮುರಿದಿದ್ದ. ಲಾಲಮ್ಮ ಎದ್ದು ನಿಂತರು, ಬಾಗಿಲು ಬಿಟ್ಟು ಹೋಗಲಾರದೆ ಮತ್ತೆ ಕೂತರು. ನನ್ನ ಕಡೆ ನೋಡಿದ ಆ ನೋಟಕ್ಕೆ ನಾನು ಪುಸ್ತಕ, ಪೆನ್ನು ಅಲ್ಲೇ ಬಿಸಾಕಿ ಓಡಿದೆ.

"ಲಾರಿ ಬಂದು ನಿಂತದ್ರೀ, ನಾ ಏನ್ ಮಾಡ್ಲಿ?" ಎಂದ ಬಸವಲಿಂಗ. ನಾನು ಕೈ ಮುಗಿದೆ, ರೇಗಿದೆ, ಪೇಪರಿನಲ್ಲಿ ಬರೆಯುತ್ತೇನೆ ಎಂದೂ ಹೆದರಿಸಿದೆ. ಗೊಣಗುತ್ತಾ ಗುಂಡಿ ಒತ್ತಿದ. ಸದ್ದು ನಿಂತಿತು. "ಪೂರಾ ದಿನದ ಕೂಲಿ ಹೋತು ಅಂತ ಹೇಳ್ರಿ ಆಕಿಗಿ" ಎಂದ. ವರ್ಷಗಟ್ಟಲೆ ತನ್ನ ಕಲ್ಲು ಹೊತ್ತವಳಿಗೆ ಒಂದು ತಾಸಿನ ಮೌನ ಕೊಡಲೂ ಈ ಮನುಷ್ಯನಿಗೆ ದಂಡ ಬೇಕು! ವಾಪಸು ಬಂದು ಹೇಳಿದರೆ ಲಾಲಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ಸುಮ್ಮನಾಗಿಸಿದರು.

ಕೊನೆಗೆ ಬಾಗಿಲು ತೆರೆದು ಸುಮಂಗಲಾ ಹೊರಗೆ ಬಂದಳು. ಮಾತಾಡಿ ಉತ್ತರಿಸುವ ಪಾಳಿ ಬಂದಾಗಲೇ ಮಷೀನು ಶುರುವಾಗಿತ್ತಂತೆ. "ನಾ ಒದರಿ ಒದರಿ ಹೇಳೀನಿ ಅತ್ತೀ. ತಗೋತಾರೋ ಬಿಡ್ತಾರೋ ಗೊತ್ತಿಲ್ಲ." ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಲಾಲಮ್ಮ ಚಹಾ ಕುಡಿಸಿದರು. ಈ ಸಲ ಇಬ್ಬರೂ ಅಳಲಿಲ್ಲ.

ಗುರುವಾರ ಸಂಜೆ ಸುಮಂಗಲಾಳ ಫೋನ್ ಬಂತು. ಪರೀಕ್ಷೆ ಮಾನ್ಯವಾಗಿದೆ. ಬೇಕಾದ್ದಕ್ಕಿಂತ ಹೆಚ್ಚೇ ಅಂಕ ಬಂದಿವೆ, ವಿಶ್ವವಿದ್ಯಾಲಯ ಸೀಟು ಖಾತ್ರಿ ಮಾಡಿದೆ. ಹಿಂದೆ ರಾಮಲಿಂಗ ಯಾರಿಗೋ ಸಕ್ಕರೆ ಹಂಚುವ ಗದ್ದಲ ಕೇಳಿಸಿತು. ಫೋನು ಲಾಲಮ್ಮನ ಕೈಗೆ ಹೋಯಿತು.

"ನಿಮ್ಮ ಬಗ್ಗೆ ಪೇಪರಿನಲ್ಲಿ ಬರೆಯುತ್ತಿದ್ದೇನೆ. ಖುಷಿಯಾಯಿತೇ?" ಎಂದು ಕೇಳಿದೆ.

"ಹುಡುಗಿದು ಆತಲ್ಲ, ಅದಕ್ಕ ಭಾಳ ಖುಷಿ ಆಗ್ಯದ್ರೀ," ಎಂದರು. ಆಮೇಲೆ ದನಿ ಬಿಗಿಯಾಯಿತು. "ನಾಡಿದ್ದ ಇನ್ನೊಬ್ಬಾಕಿ ಬರ್ಲಿಕತ್ತಾಳ, ಮತ್ತ ಕುಂದ್ರತೀನಿ. ಆದ್ರ ಲಾಲಮ್ಮ ಛಲೋ ಕೆಲಸಾ ಮಾಡ್ತಾಳ ಅಂತ ಬರೀಬ್ಯಾಡ್ರಿ ಮತ್ತ. ಈ ಕೆಲಸಾನೇ ಇರಬಾರದಿತ್ತು ಅಂತ ಬರೀರಿ."