ಬೀಳೋ ಪೀರಿಯಡ್ಡು

ಸೀಟಿ ಟೀಚರ್ ಕೊರಳಲ್ಲಿ ಸೀಟಿ ಇತ್ತೇ ಹೊರತು ಅದನ್ನು ಊದುವ ಭಾಗ್ಯ ಇರಲಿಲ್ಲ. ಆಟದ ಪೀರಿಯಡ್ಡಿನ ಗಂಟೆ ಹೊಡೆಯಿತೋ ಇಲ್ಲವೋ, ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ಹಾಜರು. "ಪೋರ್ಷನ್ ಮುಗಿದಿಲ್ಲ ಮೇಡಂ, ಇವತ್ತೊಂದು ದಿನ ಬಿಟ್ಕೊಡಿ." ಆ 'ಇವತ್ತೊಂದು ದಿನ' ವರ್ಷಗಟ್ಟಲೆ ನಡೆದಿತ್ತು. ಐವತ್ತು ದಾಟಿದ, ಮೈಕೈ ತುಂಬಿಕೊಂಡ ಟೀಚರ್ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗಾಳಿ ಹೋದ ಚೆಂಡುಗಳ ನಡುವೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಸಂಬಳ ಮಾತ್ರ ಸರಿಯಾಗಿ ಬರುತ್ತಿತ್ತು, ಆ ವಿಷಯದಲ್ಲಿ ಸುಳ್ಳು ಹೇಳಬಾರದು.

ಆ ಹೆಣ್ಣುಮಕ್ಕಳ ಶಾಲೆಯ ಮೆಟ್ಟಿಲಿಗೆ ಒಡತಿ ಎಂಟನೇ ಕ್ಲಾಸಿನ ಬುಲ್ಡೋಜರ್. ಹೆಸರಿಗೆ ತಕ್ಕ ಮೈಕಟ್ಟು. ಇಳಿಯುವವರ ದಾರಿಗೆ ಕಾಲು ಚಾಚಿ, ಅವರು ಉರುಳಿದ ಮೇಲೆ "ಅಯ್ಯೋ ಪಾಪ, ನೋಡ್ಕೊಂಡು ಬರಬಾರ್ದಾ?" ಎಂದು ಕೇಳುವುದು ಅವಳ ಕಸುಬು. ಅದೇ ಕ್ಲಾಸಿನ ಕಡ್ಡಿ ಎಂಬ ಹುಡುಗಿಯಂತೂ ದಿನಾ ಬೀಳುತ್ತಿದ್ದಳು. ಯಾರಾದರೂ ಕೇಳಿದರೆ ಒಂದೇ ಉತ್ತರ: "ಇಲ್ಲ ಮಿಸ್, ಏನೂ ಆಗಿಲ್ಲ." ಮನೆಯಲ್ಲೂ ಅದೇ ಪಾಠ.

ಮಗಳ ಮಂಡಿ ನೋಡಿ ನೋಡಿ ಸಾಕಾಗಿ, ಒಂದು ದಿನ ಕಡ್ಡಿಯ ಅಮ್ಮ ಟಿ.ಸಿ. ಕೇಳಲು ಬಂದರು. ಆಕೆ ಟೈಲರ್. ಅವಸರದಲ್ಲಿ ಅಳತೆ ಟೇಪನ್ನು ಕೊರಳಲ್ಲೇ ಮರೆತು ಬಂದಿದ್ದರು. ಸೀಟಿ ಟೀಚರ್ ಅವರನ್ನು ಮೆಟ್ಟಿಲ ಬುಡದಲ್ಲೇ ತಡೆದರು.

"ನಮ್ಮಪ್ಪನೂ ಹೀಗೇ ನನಗೆ ಮೂರು ಸ್ಕೂಲು ಬದಲಾಯಿಸಿದ್ರು ಕಣಮ್ಮ. ಹೋದಲ್ಲೆಲ್ಲ ನನ್ನ ಪೀಪಾಯಿ ಅಂತ ಕರೆಯೋರು ಮೊದಲೇ ಬಂದು ಕೂತಿರ್ತಿದ್ರು. ಮೂರನೇ ಸ್ಕೂಲಲ್ಲಿ ಡ್ರಿಲ್ ಮೇಷ್ಟ್ರು ಜೂಡೋ ಹೇಳ್ಕೊಟ್ರು, ಅಲ್ಲಿಗೆ ನಿಂತ್ಕೊಂಡೆ. ನನಗೆ ಅರ್ಧ ವರ್ಷದ ಪರೀಕ್ಷೆ ತನಕ ಟೈಮ್ ಕೊಡಿ."

"ಕೊಟ್ರೆ ಏನ್ ಮಾಡ್ತೀರಿ?"

"ಬೀಳೋದು ಕಲಿಸ್ತೀನಿ."

"ಅದು ಅವಳಿಗೆ ಈಗಲೇ ಚೆನ್ನಾಗಿ ಬರುತ್ತಲ್ಲ!" ಎಂದರು ಅಮ್ಮ. ಆದರೂ ಪರೀಕ್ಷೆಯ ತನಕ ಕಾಯಲು ಒಪ್ಪಿದರು. ಅಷ್ಟರೊಳಗೆ ಸರಿಹೋಗದಿದ್ದರೆ ಟಿ.ಸಿ. ಖಂಡಿತ.

ಜೂಡೋ ಕಲಿಸುವ ಮಾತೆತ್ತಿದಾಗ ಹೆಡ್‌ಮಿಸ್ಟ್ರೆಸ್ ದೊಡ್ಡ ಮೇಡಂ ಮಾತ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಎದುರಿಗಿದ್ದವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. "ಮೊದಲೇ ಕೋತಿ, ಅದಕ್ಕೆ ಹೆಂಡ ಬೇರೆ ಕುಡಿಸ್ತೀರಾ? ಹೊಡೆಯೋರಿಗೆ ಯಾರಾದ್ರೂ ಹೊಡೆಯೋದು ಕಲಿಸ್ತಾರೇನ್ರೀ?"

"ಜೂಡೋದಲ್ಲಿ ಹೊಡೆಯೋದೇ ಇಲ್ಲ ಮೇಡಂ. ಹಿಡ್ಕೊಂಡು ಬೀಳಿಸೋದು, ಅಷ್ಟೇ."

"ಆಹಾ, ಎಂಥಾ ಸಂಸ್ಕಾರ!" ಎಂದರು ದೊಡ್ಡ ಮೇಡಂ. ಕೊನೆಗೆ ಒಂದು ಷರತ್ತಿನ ಮೇಲೆ ಬಿಟ್ಟರು. ಒಂದೇ ಒಂದು ಮಗು ಮೈ ತರಚಿಕೊಂಡು ತಮ್ಮೆದುರು ಬಂದರೂ ಅವತ್ತೇ ಕ್ಲಾಸು ಬಂದ್.

ಇನ್ನುಳಿದದ್ದು ಲೆಕ್ಕದ ಮೇಷ್ಟ್ರು. ಎಂದಿನಂತೆ ಬಾಗಿಲಿಗೆ ಬಂದವರನ್ನು ಟೀಚರ್ ನಗುನಗುತ್ತಾ ಬರಮಾಡಿಕೊಂಡರು. "ಬನ್ನಿ ಸಾರ್, ಸರಿಯಾದ ಹೊತ್ತಿಗೆ ಬಂದ್ರಿ. ಎತ್ತಿ ಹಾಕಿ ತೋರಿಸೋಕೆ ಒಬ್ರು ಬೇಕಿತ್ತು." ಮೇಷ್ಟ್ರಿಗೆ ಪೋರ್ಷನ್ನು ಯಾವತ್ತೋ ಮುಗಿದಿದ್ದು ತಟ್ಟನೆ ನೆನಪಾಯಿತು. ಆಮೇಲೆ ಅವರು ಆ ಕಡೆ ತಲೆ ಹಾಕಲಿಲ್ಲ.

ಹುಡುಗಿಯರ ಮನೆಗಳಿಂದ ಹಳೇ ಹಾಸಿಗೆಗಳು ಬಂದವು. ಅದರಲ್ಲೊಂದು ಎಂಥಾ ನಾತ ಹೊಡೆಯುತ್ತಿತ್ತೆಂದರೆ, ಅದು ತಮ್ಮ ಮನೆಯದಲ್ಲವೆಂದು ಇಡೀ ಕ್ಲಾಸು ಆಣೆ ಹಾಕಿತು. ಶುರುವಿನಲ್ಲಿ ಬರೀ ಬೀಳುವುದೇ ಪಾಠ. ಗದ್ದ ಎದೆಗೆ ಒತ್ತು, ಕೈಯಿಂದ ನೆಲಕ್ಕೆ ಬಡಿ, ಉರುಳು. ಆಮೇಲೆ ಬೀಳಿಸುವ ಪಾಠ ಬಂತು, ಅದರ ಜೊತೆ ಟೀಚರ್ ಕಟ್ಟಳೆಯೂ ಬಂತು. ಬೀಳಿಸಿದವಳು ಬಿದ್ದವಳ ತೋಳು ಬಿಡುವಂತಿಲ್ಲ, ಹಿಡಿದೇ ಇಳಿಸಬೇಕು. ಎತ್ತಿ ನಿಲ್ಲಿಸಿ "ಪೆಟ್ಟಾಯ್ತಾ?" ಎಂದು ಕೇಳಬೇಕು. ಬಿದ್ದವಳು ನಿಜ ಹೇಳಬೇಕು. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋ ಬಡಾಯಿ ನನ್ನ ಹತ್ರ ಬೇಡ. ನಿಮಗ್ಯಾರಿಗೂ ಮೀಸೆ ಇಲ್ಲ."

ಟೀಚರ್ ತಲೆಯಲ್ಲಿ ಇನ್ನೊಂದು ಕಿತಾಪತಿಯೂ ಇತ್ತು. ಬುಲ್ಡೋಜರನ್ನು ಕರೆದು ಬೆನ್ನು ತಟ್ಟಿದರು. "ನಿನ್ನಷ್ಟು ಗಟ್ಟಿಗಿತ್ತಿ ಇನ್ಯಾರಿದ್ದಾರೆ ಕಣೇ? ಇವತ್ತಿಂದ ಬೀಳೋದಕ್ಕೆ ನೀನೇ ಲೀಡರ್." ಅವಳು ಉಬ್ಬಿಹೋದಳು. ಉಬ್ಬಿದ್ದು ಇಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಇಡೀ ಕ್ಲಾಸು ಸಾಲುಗಟ್ಟಿ ಒಬ್ಬೊಬ್ಬಳಾಗಿ ಅವಳನ್ನು ಎತ್ತಿ ಹಾಕಿತು, ಒಬ್ಬೊಬ್ಬಳೂ ಕೇಳಿದಳು, "ಪೆಟ್ಟಾಯ್ತಾ?"

"ಇಲ್ಲ" ಎಂದು ಬೀಗಿದಳು ಬುಲ್ಡೋಜರ್.

"ಸುಳ್ಳು. ಇನ್ನೊಂದ್ಸಲ," ಎಂದರು ಟೀಚರ್.

ಹಾಗೇ ನಡೆದು ನಡೆದು ಕೊನೆಗೆ, "ಆಯ್ತು ಮಿಸ್! ಸೊಂಟ ಮುರಿದ್ಹೋಯ್ತು!" ಎಂಬ ಕೂಗಿಗೆ ಕ್ಲಾಸೆಲ್ಲ ಚಪ್ಪಾಳೆ. ಅವತ್ತೇ ಅವಳಿಗೂ ಬೀಳಿಸುವ ಸರದಿ ಸಿಕ್ಕಿತು. ದಿನ ಕಳೆದಂತೆ, ಯಾರು ವಾಲಿದರೂ ಅವಳ ಕೈ ತಾನಾಗಿ ತೋಳಿಗೆ ಹೋಗುವಷ್ಟು ಅಭ್ಯಾಸವಾಯಿತು. ಕಡ್ಡಿ ಮಾತ್ರ ಬದಲಾಗಲಿಲ್ಲ. ಬಿದ್ದೆದ್ದು ಕಣ್ಣಲ್ಲಿ ನೀರು ತುಂಬಿದ್ದರೂ "ಇಲ್ಲ ಮಿಸ್." ಸೀಟಿ ಟೀಚರಿಗೆ ಒಳಗೊಳಗೇ ಹೆದರಿಕೆ. ಈ ಹುಡುಗಿ ಹೀಗೇ ಹೊರಟುಹೋದರೆ ಮುಂದಿನ ಶಾಲೆಯಲ್ಲೂ ಇದೇ ಪಾಠ ಒಪ್ಪಿಸುತ್ತಾಳೆ.

ಪರೀಕ್ಷೆ ಮುಗಿಯಿತು. ಮಗಳ ಮಂಡಿಯ ಗಾಯ ಇನ್ನೂ ನಿಂತಿಲ್ಲವೆಂದು ಟೈಲರಮ್ಮ ಟಿ.ಸಿ.ಗೆ ಬಂದು ಆಫೀಸಿನಲ್ಲಿ ಕೂತರು. ಅದೇ ಹೊತ್ತಿಗೆ ಊಟದ ಗಂಟೆ ಹೊಡೆಯಿತು. ಮೆಟ್ಟಿಲ ಮೇಲೆ ಗೆಳತಿಯರ ಜೊತೆ ಹರಟುತ್ತಿದ್ದ ಬುಲ್ಡೋಜರ್, ಕಡ್ಡಿ ಇಳಿದು ಬರುವುದನ್ನು ಕಂಡು ಕಾಲು ಚಾಚಿಯೇಬಿಟ್ಟಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳೇ? ಕಡ್ಡಿ ಎಡವಿದಳು. ಆದರೆ ಕಾಲಿನ ಹಿಂದೆಯೇ ಬುಲ್ಡೋಜರ್ ಕೈಯೂ ಹೋಗಿ ಕಡ್ಡಿಯ ತೋಳು ಹಿಡಿಯಿತು. ಪರ್ರ್ ಎಂದು ಸದ್ದಾಯಿತು. ಕಡ್ಡಿ ಗದ್ದ ಒತ್ತಿಕೊಂಡು, ಕೈ ಬಡಿದು, ಪಾಠದಲ್ಲಿದ್ದ ಹಾಗೇ ಉರುಳಿ ಮೆಟ್ಟಿಲ ಬುಡ ಸೇರಿದಳು. ಮೇಲೆ ಬುಲ್ಡೋಜರ್ ಕೈಯಲ್ಲಿ ಬರೀ ಅಂಗಿಯ ತೋಳು ಉಳಿದಿತ್ತು. ಅದನ್ನು ಹಿಡಿದುಕೊಂಡೇ, ಅಭ್ಯಾಸಬಲದಿಂದ, ಅವಳು ದೊಡ್ಡ ಗಂಟಲಲ್ಲಿ ಕೇಳಿದಳು:

"ಪೆಟ್ಟಾಯ್ತಾ?"

ಮೆಟ್ಟಿಲ ತುಂಬಾ ಹೋ ಎಂದು ನಗು. ಬುಲ್ಡೋಜರ್ ಮುಖ ಕೆಂಪಾಯಿತು. ಕಡ್ಡಿ ಎದ್ದು ನಿಂತು ಮೇಲೆ ನೋಡಿದಳು.

"ಹೂಂ, ಆಯ್ತು. ದಿನಾ ಆಗುತ್ತೆ."

ನಗು ನಿಂತಿತು. ಮೇಲಿನ ಮೆಟ್ಟಿಲಲ್ಲಿ ದೊಡ್ಡ ಮೇಡಂ ಕನ್ನಡಕ ತೆಗೆಯುತ್ತಿದ್ದರು.

ಆಫೀಸಿನಲ್ಲಿ ಎಲ್ಲರೂ ಸಾಲಾಗಿ ನಿಂತರು. ಕಡ್ಡಿಯ ಮೊಣಕೈ ಕೆಂಪಗೆ ತರಚಿತ್ತು. "ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದರು ದೊಡ್ಡ ಮೇಡಂ.

"ಕಾಲು ಕೊಟ್ಟಿದ್ದೂ ನಾನೇ ಮೇಡಂ, ಹಿಡ್ಕೊಂಡಿದ್ದೂ ನಾನೇ," ಎಂದಳು ಬುಲ್ಡೋಜರ್. ಅಂಗಿಯ ತೋಳು ಇನ್ನೂ ಅವಳ ಕೈಯಲ್ಲೇ ಇತ್ತು. ಆಮೇಲೆ ಕಡ್ಡಿಯ ಕಡೆ ತಿರುಗಿ, "ಇನ್ಮೇಲೆ ಕೊಡಲ್ಲ ಕಣೇ," ಎಂದು ಗೊಣಗಿದಳು.

ಟೈಲರಮ್ಮ ಮಗಳನ್ನೇ ನೋಡುತ್ತಿದ್ದರು. "ಪೆಟ್ಟಾಯ್ತು ಅಂತ ಇವಳು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ನನಗೂ ಹೇಳಿರ್ಲಿಲ್ಲ," ಎಂದರು. ಮಗಳ ಮೊಣಕೈ ಒರೆಸುತ್ತಾ ಕೇಳಿದರು, "ಏನೇ, ಹೊರಡೋಣ್ವಾ?"

"ನಾಳೆ ಇವಳನ್ನ ಎತ್ತಿ ಹಾಕೋ ಸರದಿ ನಂದಮ್ಮ," ಎಂದಳು ಕಡ್ಡಿ.

ದೊಡ್ಡ ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು, "ತರಚಿದ್ದು ಮೆಟ್ಟಿಲ ಮೇಲೆ ತಾನೆ? ಹಾಸಿಗೆ ಮೇಲಲ್ಲವಲ್ಲ?"

ಟೈಲರಮ್ಮ ಬುಲ್ಡೋಜರ್ ಎದುರು ಕೈ ಚಾಚಿದರು. "ಕೊಡಮ್ಮ ಇಲ್ಲಿ. ಈ ಸಲ ಎರಡು ಹೊಲಿಗೆ ಹಾಕ್ತೀನಿ. ಇನ್ನೂ ಎಷ್ಟು ದಿನ ಎಳೆದಾಡ್ತೀರೋ ಏನೋ."

ಸೀಟಿ ಟೀಚರ್ ಖುಷಿ ತಡೆಯಲಾರದೆ ಆಫೀಸಿನೊಳಗೇ ಸೀಟಿ ಊದಿಬಿಟ್ಟರು.