ತಟ್ಟಿಯ ಹೊರಗೆ ಕೇಳಿದ ಸ್ವರ

ಕುಮಟೆಯ ಮಾಬ್ಲೇಶ್ವರ ನಾಟಕಕ್ಕೆ ಸೇರುವ ಮೊದಲು ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದ. ಬಿಚ್ಚುವಾಗ ಹಾಡುವ ಚಟ ಅವನಿಗೆ. ಹೆಂಗಸರು ಹಾಡು ಕೇಳುತ್ತ ಹತ್ತು ಸೀರೆ ಬಿಚ್ಚಿಸಿ, ಕೊನೆಗೆ ಮೊದಲು ನೋಡಿದ್ದನ್ನೇ ಒಯ್ಯುತ್ತಿದ್ದರು. ಕೆಲವರು ಅದನ್ನೂ ಒಯ್ಯುತ್ತಿರಲಿಲ್ಲ. ಅಂಗಡಿಯ ಯಜಮಾನ ಆರು ತಿಂಗಳು ತಾಳಿಕೊಂಡ. ಆಮೇಲೆ, ನಿನ್ನ ಸ್ವರಕ್ಕೆ ಗಿರಾಕಿ ಇದ್ದಾರೆ, ನನ್ನ ಸೀರೆಗೆ ಇಲ್ಲ, ನೀನು ಬೇರೆ ಅಂಗಡಿ ನೋಡಿಕೋ ಎಂದ. ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು, ೧೯೫೭.

ಆ ಬೇಸಿಗೆಯಲ್ಲಿ ಘಟ್ಟದ ಮೇಲಿನ ನಾಟಕ ಕಂಪನಿಯೊಂದು ಕುಮಟೆಯಲ್ಲಿ ಬೀಡು ಬಿಟ್ಟಿತ್ತು. ಅದರಲ್ಲಿ ನಾಯಕಿಯ ಪಾತ್ರ ಮಾಡುತ್ತಿದ್ದ ಗಂಡಸು ಕಾಮಾಲೆಯಾಗಿ ಊರಿಗೆ ಹೋಗಿದ್ದ. ಮಾಬ್ಲೇಶ್ವರನನ್ನು ಕರೆದು ಹಾಡಿಸಿದರು. ಹಾರ್ಮೋನಿಯಂ ಮಾಸ್ತರ ಮಹಾಗಣಪತಿ ಒಂದೊಂದೇ ಮನೆ ಶ್ರುತಿ ಏರಿಸುತ್ತ ಹೋದರು, ಇವನು ಹಿಂದೆಯೇ ಹತ್ತುತ್ತ ಹೋದ. ಕೊನೆಗೆ ಮಾಸ್ತರರೇ ನಿಲ್ಲಿಸಿದರು. ಸೀರೆ ಉಡುವುದನ್ನೂ ನೆರಿಗೆ ಹಿಡಿಯುವುದನ್ನೂ ಅವನಿಗೆ ಯಾರೂ ಕಲಿಸಬೇಕಾಗಲಿಲ್ಲ. ಅಂಗಡಿಯಲ್ಲಿ ಕಳೆದ ಆರು ತಿಂಗಳು ಅಷ್ಟರಮಟ್ಟಿಗೆ ದಂಡವಾಗಲಿಲ್ಲ.

ಅವನ ಸ್ವರ ಇಂಪು ಎಂದು ಹೇಳಿದರೆ ಸುಳ್ಳಾಗುತ್ತದೆ. ಅದರ ಅಂಚಿನಲ್ಲಿ ಸ್ವಲ್ಪ ಸೀಳು ಇತ್ತು, ಹೊಸ ಕೋರಾ ಬಟ್ಟೆ ಹರಿದಂತೆ. ಆದರೆ ಮೈಕಿನ ಹಂಗಿಲ್ಲದೆ ಕಟ್ಟಕಡೆಯ ಬೆಂಚಿನವನ ಕಿವಿಗೆ ಹೋಗಿ ಕೂರುತ್ತಿತ್ತು. ಪಲ್ಲವಿಯ ನಡುವೆ ಒಂದು ಕಡೆ ಅವನು ತಟ್ಟನೆ ಉಸಿರು ತೆಗೆದುಕೊಳ್ಳುತ್ತಿದ್ದ. ಕಲಿಯದೆ ಹಾಡಿದವರ ದೋಷ ಅದು. ಜನ ಅದನ್ನೇ ದುಃಖ ಎಂದು ತಿಳಿದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವನೂ ತಿದ್ದಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಕುಮಟೆ, ಹೊನ್ನಾವರ, ಭಟ್ಕಳ ಈ ಮೂರೂರಿನ ಆಟಗಳನ್ನು ಗುತ್ತಿಗೆ ಹಿಡಿಯುತ್ತಿದ್ದವನು ಹೊನ್ನಾವರದ ರಮಾನಂದ. ಅವನ ಮೂಲ ವ್ಯಾಪಾರ ತೆಂಗಿನ ಕತ್ತದ ಹಗ್ಗದ್ದು. ನಾಟಕವನ್ನೂ ಅವನು ಹಗ್ಗದಂತೆಯೇ ನೋಡುತ್ತಿದ್ದ: ಎಳೆದಷ್ಟು ಬರಬೇಕು, ತುಂಡಾಗಬಾರದು. ಅವನಿಗೆ ಈ ಕಸುಬಿನಲ್ಲಿ ಒಂದೇ ಕೊರಗು. ಆಟದ ಬಯಲಿಗೆ ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟಿಸಬೇಕಷ್ಟೆ. ತಟ್ಟಿ ಕಣ್ಣನ್ನು ತಡೆಯುತ್ತದೆ, ಕಿವಿಯನ್ನು ತಡೆಯುವುದಿಲ್ಲ. ಟಿಕೆಟ್ಟು ಕೊಳ್ಳದವರು ಹೊರಗೆ ಕೂತು ಇಡೀ ನಾಟಕ ಕೇಳಿ ಎದ್ದು ಹೋಗುತ್ತಿದ್ದರು. ಭಟ್ಕಳದಲ್ಲಂತೂ ಇದು ವಿಪರೀತ. ಸಂತೆಯ ದಿನ ಹಳ್ಳಿಯವರಿಗೆಂದು ಮಧ್ಯಾಹ್ನವೇ ಆಟ ಇಡುತ್ತಿದ್ದ. ಬಿಸಿಲು ತಿರುಗಿದ ಮೇಲೆ ತಟ್ಟಿಯ ಬುಡದಲ್ಲಿ ನೆರಳು ಬೀಳುತ್ತಿತ್ತು. ಹೆಬಳೆ ಕಡೆಯಿಂದ ಬಸಳೆ, ಹರಿವೆ, ಮೊಗೆಕಾಯಿ ತಂದ ಹೆಂಗಸರು ಬುಟ್ಟಿ ಸಮೇತ ಅಲ್ಲಿಗೇ ಬಂದು ಕೂರುತ್ತಿದ್ದರು. ಒಂದು ವರ್ಷ ರಮಾನಂದ ತಟ್ಟಿಯನ್ನು ಎರಡು ಮೊಳ ಎತ್ತರಿಸಿದ. ನೆರಳು ಇನ್ನಷ್ಟು ಉದ್ದವಾಗಿ, ಮೊದಲಿಗಿಂತ ಹೆಚ್ಚು ಜನ ಕೂತರು.

ಮೂರು ವರ್ಷ ಮಾಬ್ಲೇಶ್ವರ ನಾಯಕಿಯಾದ. ಆಮೇಲೆ ಕಂಪನಿ ನಿಜವಾದ ಹೆಂಗಸರನ್ನೇ ತಂದಿತು. ಸೀರೆ ಬಿಟ್ಟು, ಮೀಸೆ ಅಂಟಿಸಿಕೊಂಡು, ಇವನು ಸಾಧು, ಅಂಬಿಗ, ಹಾಡುವ ಭಿಕ್ಷುಕ ಇಂಥ ಪಾತ್ರಗಳಿಗೆ ಇಳಿದ. ಶ್ರುತಿಯನ್ನೂ ಎರಡು ಮನೆ ಇಳಿಸಿದರು. ಅದಕ್ಕೆ ಅವನೇನೂ ಅಳಲಿಲ್ಲ. ಸಂಬಳ ನಡೆಯುತ್ತಿತ್ತು, ಕುಮಟೆಯಲ್ಲಿ ಮಂಗಲಾ ಎಂಬವಳೊಡನೆ ಮದುವೆಯೂ ಆಗಿತ್ತು.

೧೯೬೨ರಲ್ಲಿ ಮದ್ರಾಸಿನ ಸಿನಿಮಾದವರೊಬ್ಬರು ಅವನ ಅಂಬಿಗನ ಪಾತ್ರ ನೋಡಿ ಕರೆಸಿಕೊಂಡರು. ಅಲ್ಲಿಯೂ ಅಂಬಿಗನೇ, ಎರಡೂವರೆ ನಿಮಿಷ, ಒಂದು ಹಾಡು. ಸ್ಟುಡಿಯೋದ ಒಳಗೆ ಒಂದು ತೊಟ್ಟಿ, ತೊಟ್ಟಿಯಲ್ಲಿ ಮೊಣಕಾಲು ನೀರು, ಕೆಳಗಿನಿಂದ ನಾಲ್ಕು ಜನ ದೋಣಿ ಅಲ್ಲಾಡಿಸುವುದು. ಶರಾವತಿಯಲ್ಲಿ ಎಷ್ಟೋ ಸಲ ಹಾದಾಡಿದವನು ದೋಣಿ ನೂಕುವ ಜಲ್ಲೆ ಹಿಡಿದ ರೀತಿ ತಪ್ಪೆಂದು ನಿರ್ದೇಶಕರು ತಿದ್ದಿದರು. ಆಮೇಲೆ ಧ್ವನಿವರ್ಧಕದಲ್ಲಿ ಬೇರೆ ಯಾರೋ ಹಾಡಿದ ಹಾಡು ಹಾಕಿ, ಬಾಯಿ ಆಡಿಸಿ ಎಂದರು. ಇವನು ಬಾಯಿ ತೆರೆದವನೇ ಹಾಡತೊಡಗಿದ. ಹಾಡುವುದು ಬೇಡ, ತುಟಿ ಸಾಕು ಎಂದು ಸಹಾಯಕ ಬಂದು ಹೇಳಿದ. ಬರೀ ತುಟಿ ಆಡಿಸಿದರೆ ಇವನಿಗೆ ತಾಳ ತಪ್ಪುತ್ತಿತ್ತು. ಕೊನೆಗೆ, ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟರು. ಹಾಗಾಗಿ ತೊಟ್ಟಿಯ ನಡುವೆ ನಿಂತು, ಗಂಟಲು ಬಿಚ್ಚಿ, ಪೂರ್ತಿ ಹಾಡು ಹಾಡಿಯೇ ಬಂದ. ಅದು ಎಲ್ಲಿಯೂ ಮುದ್ರಣವಾಗಲಿಲ್ಲ.

ಊರಿಗೆ ಬಂದಾಗ ರಮಾನಂದ ಕೇಳಿದ್ದು ಒಂದೇ: ಹಾಡಿದೆಯೋ? ಮಾಬ್ಲೇಶ್ವರ, ಹೌದು, ಹಾಡಿದೆ ಎಂದ. ಅದು ಸುಳ್ಳಲ್ಲ. ಆದರೆ ಒದ್ದೆ ಚೀಲ ತೂಗಿದಂಥ ನಿಜ, ತೂಕ ಸರಿ, ಮಾಲು ಕಡಿಮೆ.

ಮರುವರ್ಷ ಸಿನಿಮಾ ಕುಮಟೆಗೆ ಬಂತು. ಇವನ ಮುಖ ಕಂಡಾಗ ಜನ ಚಪ್ಪಾಳೆ ತಟ್ಟಿದರು, ಹಾಡಿಗೆ ಶಿಳ್ಳೆ ಹಾಕಿದರು. ಜೇನಿನಂಥ ಸ್ವರ, ಎಲ್ಲಿಯೂ ಸೀಳಿಲ್ಲ, ಉಸಿರು ತೆಗೆದದ್ದೇ ಗೊತ್ತಾಗುವುದಿಲ್ಲ. ಮದ್ರಾಸಿನ ನೀರು ಕುಡಿದು ಗಂಟಲು ಎಷ್ಟು ತೊಳೆದು ಬಂದಿದೆ ನೋಡಿ ಎಂದು ಊರಿಗೆ ಊರೇ ಮಾತಾಡಿತು. ಮಂಗಲಾ ಮಾತ್ರ ಮನೆಗೆ ಬಂದು ಬಟ್ಟಲು ಇಡುವಾಗ ಕೇಳಿದಳು.

"ಬಾಯಿ ನಿಮ್ದು. ಸ್ವರ ಯಾರ್ದು?"

"ಮದ್ರಾಸಿನವ್ರೊಬ್ಬರದ್ದು. ಅಲ್ಲಿ ಪದ್ಧತಿನೇ ಹಂಗೆ."

"ಆ ಪದ್ಧತಿ ಊರವ್ರಿಗೆ ಗೊತ್ತಾ?"

ಅವನು ಉಣ್ಣತೊಡಗಿದ.

"ನೀವೇ ಹೇಳಿಬಿಡಿ," ಎಂದಳು ಮಂಗಲಾ. "ಬೇರೆಯವ್ರ ಬಾಯಲ್ಲಿ ಬಂದ್ರೆ ಅದು ಬೇರೆ ನಮೂನಿ ಕೇಳ್ತದೆ."

ಅವನು ಹೇಳಲಿಲ್ಲ. ಹೇಳಲು ಪುರುಸೊತ್ತೂ ಸಿಗಲಿಲ್ಲ, ಯಾಕೆಂದರೆ ರಮಾನಂದ ಅಷ್ಟರಲ್ಲಿ ಗುಲಾಬಿ ಕಾಗದದ ಹಸ್ತಪತ್ರಿಕೆ ಅಚ್ಚು ಹಾಕಿಸಿದ್ದ: ಬೆಳ್ಳಿತೆರೆಯ ಮಧುರ ಗಾಯಕ ಮಾಬ್ಲೇಶ್ವರ ಇವರ ಬಾಯಲ್ಲಿಯೇ ಆ ದೋಣಿಯ ಹಾಡು, ಕುರ್ಚಿಗೆ ಮೊದಲೇ ಬನ್ನಿ.

ಹೊನ್ನಾವರದಲ್ಲಿ ಕುರ್ಚಿ ಸಾಲದೆ ಬೆಂಚು ತರಿಸಬೇಕಾಯಿತು. ಮೂರನೆಯ ಅಂಕದಲ್ಲಿ ಮಾಬ್ಲೇಶ್ವರ ಜಲ್ಲೆ ಹಿಡಿದು ಬಂದು ದೋಣಿಯ ಹಾಡು ಎತ್ತಿದ, ತನ್ನದೇ ಗಂಟಲಿನಲ್ಲಿ. ಮೊದಲ ಸಾಲಿಗೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯ ಸಾಲಿಗೆ ಶಿಳ್ಳೆ ಬಂತು, ಈ ಸಲ ಬೇರೆ ಥರದ್ದು. ಇವ ಅವನಲ್ಲ ಎಂದರು. ಅವನ ತಮ್ಮನಿರಬೇಕು ಎಂದರು. ಗಂಟಲನ್ನು ಮದ್ರಾಸಿನಲ್ಲೇ ಮರೆತು ಬಂದಿದ್ದಾನೆ, ಪಾರ್ಸಲಿನಲ್ಲಿ ತರಿಸಿ ಎಂದು ಹಿಂದಿನಿಂದ ಒಬ್ಬ ಕೂಗಿದ. ಆರು ವರ್ಷ ಇವನ ಹಾಡು ಕೇಳಿದವರೂ, ಮೊದಲಿನ ಹಾಗಿಲ್ಲಪ್ಪ ಎಂದು ತಲೆ ಅಲ್ಲಾಡಿಸಿದರು. ಇವನು ಹಾಡಿದ್ದು ಮೊದಲಿನ ಹಾಗೆಯೇ.

ಮರುದಿನ ಬೆಳಿಗ್ಗೆ ರಮಾನಂದ ಹಗ್ಗದ ಅಂಗಡಿಯಲ್ಲಿ ಅವನನ್ನು ಕೂರಿಸಿಕೊಂಡ. ಮಾಬ್ಲೇಶ್ವರ ಇದ್ದ ವಿಷಯ ಇದ್ದ ಹಾಗೆ ಹೇಳಿದ. ರಮಾನಂದನಿಗೆ ಸಿಟ್ಟೇನೂ ಬರಲಿಲ್ಲ. ಆ ಹಾಡಿನ ಗ್ರಾಮಾಫೋನ್ ಪ್ಲೇಟು ಸಿಗುತ್ತದೋ ಎಂದು ಕೇಳಿದ, ಅಷ್ಟೆ. ಭಟ್ಕಳದ ಆಟಕ್ಕೆ ಪಕ್ಕದ ಪರದೆಯ ಹಿಂದೆ ಪ್ಲೇಟು ಹಾಕುವುದು, ರಂಗದ ಮೇಲೆ ಇವನು ತುಟಿ ಆಡಿಸುವುದು.

"ಮದ್ರಾಸಿನಲ್ಲಿ ಮಾಡಿದ್ದೇ ಅಲ್ದಾ?" ಎಂದ ರಮಾನಂದ. "ಅಲ್ಲಿ ಮರ್ಯಾದೆ, ಇಲ್ಲಿ ಅವಮಾನ, ಇದೆಂತ ಲೆಕ್ಕ ಮಾರಾಯಾ? ಭಟ್ಕಳದಲ್ಲೂ ಶಿಳ್ಳೆ ಬಿದ್ರೆ ಬರೂ ವರ್ಷ ಕಂಪನಿ ನಿನ್ನ ಇಟ್ಕಳೂದಿಲ್ಲ. ನಾ ಹೇಳಿದ್ರೂ ಇಟ್ಕಳೂದಿಲ್ಲ."

ಮಾಬ್ಲೇಶ್ವರ ಗೋಡೆಗೆ ತೂಗಿದ್ದ ಹಗ್ಗದ ಸಿಂಬಿಗಳನ್ನು ನೋಡುತ್ತ ಕೂತ. ಒಮ್ಮೆ ಪ್ಲೇಟಿಗೆ ತುಟಿ ಆಡಿಸಿದರೆ ಮುಂದೆ ಪ್ರತಿ ಊರಿನಲ್ಲೂ ಪ್ಲೇಟೇ ಆಗಬೇಕು, ತನ್ನ ಗಂಟಲಿಗೆ ಮತ್ತೆ ರಂಗ ಸಿಗುವುದಿಲ್ಲ ಎಂಬುದು ಅವನಿಗೆ ತಿಳಿಯಿತು. ಆಡಿಸದಿದ್ದರೆ ರಂಗವೇ ಇಲ್ಲ ಎಂಬುದೂ ತಿಳಿಯಿತು. ಕೊನೆಗೆ, ಆತು ಎಂದ.

ಸಂತೆಯ ಮುಂಚಿನ ದಿನ ಕಂಪನಿಯ ಪೆಟ್ಟಿಗೆಗಳು ಶರಾವತಿ ದಾಟಿದವು. ಪ್ಲೇಟು ಇದ್ದ ಪೆಟ್ಟಿಗೆಯನ್ನು ರಮಾನಂದ ಬೇರೆಯವರ ಕೈಗೆ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮಹಾಗಣಪತಿ ಮಾಸ್ತರರು ದೋಣಿಯ ಅಂಚಿನಲ್ಲಿ ಕೂತು, ಮೂರನೆಯ ಅಂಕದಲ್ಲಿ ತನಗೆ ಎಂತ ಕೆಲಸ ಎಂದು ಕೇಳಿದರು. ಕೈಗೆ ವಿಶ್ರಾಂತಿ ಎಂದ ರಮಾನಂದ. ಮಾಸ್ತರರು, ಕೈಗೆ ಆತು, ಅವನ ಗಂಟಲಿಗೆ ಎಷ್ಟು ದಿನದ ವಿಶ್ರಾಂತಿ ಎಂದರು.

ಭಟ್ಕಳದಲ್ಲಿ ಬಣ್ಣದ ಮನೆ ಎಂದರೆ ತಟ್ಟಿಗೆ ಒತ್ತಿ ಕಟ್ಟಿದ ಒಂದು ಚಪ್ಪರ. ಮಧ್ಯಾಹ್ನ ಮಾಬ್ಲೇಶ್ವರ ಮೀಸೆ ಅಂಟಿಸಿಕೊಳ್ಳುತ್ತಿದ್ದಾಗ ತಟ್ಟಿಯ ಆಚೆ ಯಾರೋ ಹೆಂಗಸು ಗುನುಗುತ್ತಿರುವುದು ಕೇಳಿತು. ಅವನು ನಾಯಕಿಯಾಗಿದ್ದಾಗಿನ ಹಾಡು ಅದು, ಐದು ವರ್ಷ ಹಳೆಯದು. ಪಲ್ಲವಿಯ ನಡುವೆ ಆ ಹೆಂಗಸು ತಟ್ಟನೆ ಉಸಿರು ತೆಗೆದುಕೊಂಡಳು, ಅವನು ತೆಗೆದುಕೊಳ್ಳುತ್ತಿದ್ದಲ್ಲೇ. ಮಾಬ್ಲೇಶ್ವರ ಮಡಲು ಸರಿಸಿ ನೋಡಿದ. ಹೆಬಳೆಯ ಹೊನ್ನಿ, ಬಸಳೆ ಮಾರುವವಳು, ಖಾಲಿ ಬುಟ್ಟಿಗೆ ಹಗ್ಗ ಬಿಗಿಯುತ್ತ ಕೂತಿದ್ದಳು.

"ಈ ಪದ ಎಲ್ಲಿ ಕಲ್ತದ್ದು?" ಎಂದು ಕೇಳಿದ.

"ಇಲ್ಲೇ. ವರ್ಷ ವರ್ಷಾ ಇದೇ ತಟ್ಟಿ ಬುಡ್ದಲ್ಲಿ ಕೂರೂದಲ್ಲಾ ನಾವು. ಆಗ ಒಂದು ಹೆಂಗ್ಸು ಹಾಡ್ತಿತ್ತು. ಪಾಪ, ಈಗ ಬರೂದಿಲ್ಲ. ಮದಿ ಆಗಿ ಹೋಯ್ತೋ ಏನೋ."

"ಆ ಹೆಂಗ್ಸು ನಾನೇ."

ಹೊನ್ನಿ ಅವನ ಮೀಸೆಯನ್ನು ನೋಡಿದಳು. ಪಕ್ಕದವಳಿಗೆ ಮೊಣಕೈಯಿಂದ ತಿವಿದಳು. ಇಬ್ಬರೂ ಸೆರಗು ಬಾಯಿಗೆ ಹಿಡಿದುಕೊಂಡರು.

"ಹೌದಾ?" ಎಂದಳು ಹೊನ್ನಿ. "ಹಂಗಾರೆ ಹಾಡು ಕಾಂಬ."

ಹೊನ್ನಾವರದವರು ಇವನು ಸಿನಿಮಾದವನಲ್ಲ ಎಂದರು, ಹೆಬಳೆಯವಳು ನಾಟಕದ ಆ ಹೆಂಗಸೂ ಇವನಲ್ಲ ಎನ್ನುತ್ತಿದ್ದಾಳೆ. ಮಾಬ್ಲೇಶ್ವರನಿಗೆ ನಗು ಬಂತು. ಪರದೆ ಏಳುವ ಮೊದಲು ಕಿವಿ ಇಟ್ಟು ಕೂರು ಎಂದು ಹೇಳಿ, ಮಾಸ್ತರರನ್ನು ಹುಡುಕಿಕೊಂಡು ಹೋದ.

ಕಂಪನಿ ನಾಟಕದಲ್ಲಿ ಮೊದಲು ನಾಂದಿ. ಪರದೆಯ ಹಿಂದೆ ಎಲ್ಲರೂ ಸಾಲಾಗಿ ನಿಂತು ದೇವರ ಪದ ಹಾಡಬೇಕು, ಆಮೇಲೆ ಪರದೆ ಏಳಬೇಕು. ಅದನ್ನು ದೇವರೊಬ್ಬನೇ ಕೇಳುವುದು. ಜನ ಆಗ ಕುರ್ಚಿ ಹುಡುಕುತ್ತ, ಶೇಂಗಾ ಕೊಳ್ಳುತ್ತ ಇರುತ್ತಾರೆ. ಆ ದಿನ ನಾಂದಿ ಮುಗಿದರೂ ಪರದೆ ಏಳಲಿಲ್ಲ. ಮಾಸ್ತರರು ಶ್ರುತಿಯನ್ನು ಎರಡು ಮನೆ ಮೇಲಕ್ಕೆ, ಐದು ವರ್ಷದ ಹಿಂದಿನ ಜಾಗಕ್ಕೆ ಒಯ್ದರು. ಮಾಬ್ಲೇಶ್ವರ ಪರದೆಗೆ ಮುಖ ಕೊಟ್ಟು ನಿಂತು ಹಳೆಯ ಹಾಡು ಎತ್ತಿದ. ಏರುವಾಗ ಮೊದಲ ಸಲ ಸ್ವರ ಸ್ವಲ್ಪ ಜಾರಿತು. ಎರಡನೆಯ ಸಲ ಹತ್ತಿತು, ಸೀಳು ಸಮೇತ. ಒಳಗೆ ಶೇಂಗಾ ಸುಲಿಯುವ ಸದ್ದು ನಿಂತಿತು. ಅವನು ತಟ್ಟನೆ ಉಸಿರು ತೆಗೆದುಕೊಂಡ.

"ಅದೇ ಹೆಂಗ್ಸು!" ಎಂದು ತಟ್ಟಿಯ ಹೊರಗಿನಿಂದ ಹೊನ್ನಿ ಕೂಗಿದಳು. "ಬಂತೇ, ಅದೇ ಹೆಂಗ್ಸು ಬಂತು!"

ಒಳಗಿದ್ದವರು ನಕ್ಕರು. ಹೊರಗೆ ಬುಟ್ಟಿಗಳ ಸಾಲಿನಿಂದ ಇನ್ನೂ ನಾಲ್ಕು ಜನ ಹೆಂಗಸರು ಹೌದೆಂದರು, ಇನ್ನೊಂದು ಸಲ ಹಾಡಲಿ ಎಂದರು. ನಗುತ್ತಿದ್ದವರು ಕುತ್ತಿಗೆ ತಿರುಗಿಸಿ, ಮೊದಲು ತಟ್ಟಿಯ ಕಡೆ, ಆಮೇಲೆ ಪರದೆಯ ಕಡೆ ನೋಡಿದರು. ಅವನು ಇನ್ನೊಂದು ಸಲ ಹಾಡಿದ. ಆಮೇಲೆ ಪರದೆ ಎದ್ದಿತು. ನಡುವೆ ಮೀಸೆಯ ಅಂಬಿಗ ಒಬ್ಬನೇ ನಿಂತಿದ್ದ.

"ಸಿನಿಮಾದಲ್ಲಿ ಬಾಯಿ ನಂದು, ಸ್ವರ ಮದ್ರಾಸಿನವ್ರದ್ದು," ಎಂದ. "ಇಲ್ಲಿ ಎರಡೂ ನಂದೇ. ದೋಣಿ ಹಾಡನ್ನೂ ಇದೇ ಗಂಟಲಲ್ಲಿ ಹಾಡ್ತೆ. ಬೇಡದವ್ರು ಈಗ್ಲೇ ಎದ್ದು ಹೋಗೂಕೆ ಅಡ್ಡಿಲ್ಲ."

ಮುಂದಿನ ಕುರ್ಚಿಗಳಿಂದ ಮೂವತ್ತು ನಲವತ್ತು ಜನ ಎದ್ದರು. ಅವರಿಗೆ ಸಿನಿಮಾದ ಸ್ವರವೇ ಬೇಕಿತ್ತು. ಅದು ಅವರ ತಪ್ಪಲ್ಲ, ಹಸ್ತಪತ್ರಿಕೆಯ ತಪ್ಪು. ಉಳಿದವರು ಕೂತರು. ರಮಾನಂದ ಪ್ಲೇಟಿನ ಪೆಟ್ಟಿಗೆಯನ್ನು ಕೆಳಗಿಟ್ಟು ಬಾಗಿಲಿಗೆ ಓಡಿದ. ಹೊರಟವರನ್ನು ತಡೆಯಲಿಲ್ಲ, ವ್ಯಾಪಾರ ಬಲ್ಲವನು. ಹೊರಗೆ ಹೋಗಿ, ಖಾಲಿ ಕುರ್ಚಿ ಅರ್ಧ ದರಕ್ಕೆ ಎಂದು ತಟ್ಟಿಯ ಬುಡದಲ್ಲಿ ಕೂತವರನ್ನು ಕರೆದ. ಎಂಟು ವರ್ಷದಿಂದ ಹುಡುಕುತ್ತಿದ್ದ ಉಪಾಯ ಅದು. ಹತ್ತು ಹದಿನೈದು ಜನ ಬುಟ್ಟಿ ಹೊತ್ತು ಒಳಗೆ ಬಂದರು. ಹೊನ್ನಿಯ ಹತ್ತಿರ ಹೋಗಿ, ನಿನಗೆ ಧರ್ಮಕ್ಕೇ ಕುರ್ಚಿ, ಬಾ ಎಂದ.

"ಬ್ಯಾಡ," ಎಂದಳು ಹೊನ್ನಿ. "ಒಳಗೆ ಬಂದ್ರೆ ಆ ಮೀಸೆ ಕಾಣ್ತದೆ. ಇಲ್ಲಿಂದ್ಲೇ ಚಲೋ ಕೇಳ್ತದೆ."

ಮೂರನೆಯ ಅಂಕದಲ್ಲಿ ಮಾಬ್ಲೇಶ್ವರ ದೋಣಿಯ ಹಾಡು ಹಾಡಿದ. ಶಿಳ್ಳೆ ಬೀಳಲಿಲ್ಲ. ತೀರಾ ಚಪ್ಪಾಳೆಯೂ ಬೀಳಲಿಲ್ಲ. ಹಳೆಯ ಹಾಡನ್ನೇ ಮತ್ತೆ ಹಾಡು ಎಂದರು, ಹಾಡಿದ.

ಮದ್ರಾಸಿನಿಂದ ಅವನಿಗೆ ಮತ್ತೆ ಕರೆ ಬರಲಿಲ್ಲ. ಕಂಪನಿ ಅವನನ್ನು ಬಿಡಲೂ ಇಲ್ಲ. ೧೯೬೯ರಲ್ಲಿ ಕಂಪನಿಯೇ ಮುಚ್ಚುವವರೆಗೆ ಹಾಡಿದ. ಕುಮಟೆಯ ಪೇಟೆಯಲ್ಲಿ ಅವನಿಗೆ 'ಬಾಯಿ ಮಾಬ್ಲ' ಎಂಬ ಹೆಸರು ಬಿದ್ದು ಉಳಿಯಿತು. ಕರೆದರೆ ಓಗೊಡುತ್ತಿದ್ದ. ಪ್ಲೇಟನ್ನು ರಮಾನಂದ ಭಟ್ಕಳದ ಒಂದು ಚಹಾದ ಹೋಟೆಲಿಗೆ ಮಾರಿದ, ಸ್ವಲ್ಪ ಲಾಭಕ್ಕೇ. ಮುಂದಿನ ವರ್ಷಗಳಲ್ಲಿ ಅಲ್ಲಿನ ಆಟದ ಬಯಲಿಗೆ ತಟ್ಟಿ ಕಟ್ಟಿಸುವಾಗ ಅವನು ಬಣ್ಣದ ಮನೆಯ ಬದಿಗೆ, ಹೊನ್ನಿ ಕೂರುವಲ್ಲಿ, ಮಡಲನ್ನು ತೆಳ್ಳಗೆ, ಸಂದು ಬಿಟ್ಟೇ ಕಟ್ಟಿಸುತ್ತಿದ್ದ. ಕೇಳಿದವರಿಗೆ, ಮಡಲಿನ ಬೆಲೆ ಏರಿದೆ ಎನ್ನುತ್ತಿದ್ದ.