ಕುದುರೆಗಳ ಕಲ್ಲುಬಾನಿ

ಜ್ವರದಲ್ಲಿ ನೀರು ಕೊಡಬಾರದೆಂದು ಹಿರಿಯರು ಹೇಳಿದ್ದರು. ಸಖುಬಾಯಿಯ ಮಗಳು ‘ನೀರು, ನೀರು’ ಎನ್ನುತ್ತಲೇ ಸತ್ತಳು. ಆಮೇಲೆ ಸಖುಬಾಯಿ ತನ್ನ ಬೆಳ್ಳಿ ಕಡಗ ಮಾರಿ, ಹುಮನಾಬಾದಿನ ಟಾಂಗಾ ಅಡ್ಡೆಯಲ್ಲಿ ಕುದುರೆಗಳು ನೀರು ಕುಡಿಯಲೆಂದು ಕಲ್ಲುಬಾನಿ ಹಾಕಿಸಿದಳು. ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ಬಾವಿಯಿಂದ ನೀರು ಹೊತ್ತು ತಾನೇ ತುಂಬಿಸಿದಳು.

ನಲವತ್ತನಾಲ್ಕನೇ ಇಸವಿಯ ಹೊತ್ತಿಗೆ ಅಲ್ಲಿ ಮೋಟಾರುಗಳು ನಿಲ್ಲತೊಡಗಿ, ಟಾಂಗಾಗಳು ಒಂದೊಂದಾಗಿ ಮರೆಯಾದವು. ಒಂದು ದಿನ ಸಖುಬಾಯಿ ಕೊಡ ಹೊತ್ತು ಬಂದು ನೋಡಿದರೆ ಬಾನಿಯಲ್ಲಿ ಕರಿ ಎಣ್ಣೆ ತೇಲುತ್ತಿತ್ತು. ಮೋಟಾರಿನವನೊಬ್ಬ ಅದರಲ್ಲಿ ಚಿಂದಿ ತೊಳೆಯುತ್ತಿದ್ದ.

“ತಮ್ಮಾ, ಇದು ನನ್ನ ಮಗಳ ಹೆಸರಿಂದದ. ಕುದರಿ ಕುಡ್ಯಾಕ ಇಟ್ಟಿದ್ದು.”

“ಕುದರಿ ಎಲ್ಲ್ಯಾವ, ಆಯಿ?” ಅವನೇನೂ ಒರಟಾಗಿ ಕೇಳಲಿಲ್ಲ.

ಸಖುಬಾಯಿ ಸುತ್ತ ನೋಡಿದಳು. ತೋರಿಸಲು ಒಂದೂ ಕುದುರೆ ಇರಲಿಲ್ಲ. ತುಂಬಿದ ಕೊಡವನ್ನು ಹೊತ್ತುಕೊಂಡೇ ಮನೆಗೆ ತಿರುಗಿದಳು. ಮರುದಿನದಿಂದ ಅವಳು ಬಾವಿಯ ಕಡೆ ಹೋಗಲಿಲ್ಲ.